ಸಂವಿಧಾನ ಐದೇ ವರ್ಷ ಅಂದ್ಮೇಲೆ ಮುಂಬೈ ನಾಲ್ಕು ವರ್ಷ ಕಾರ್ಪೊರೇಟರ್ ಇಲ್ದೆ ಹೆಂಗ್ ನಡೀತು?

ಮುಲುಂಡ್_ಮಾವ

ಜನವರಿ 15ಕ್ಕೆ ವೋಟ್ ಹಾಕಿ ಬಂದಾಗಿಂದ ಇದೊಂದು ತಲೇಲಿ ಕೊರೀತಿದೆ, ಇಲ್ಲಿ ಕಾನೂನು ಓದ್ಕೊಂಡೋರು ಇಬ್ರು ಮೂವರು ಇದೀರಲ್ಲ ಅಂತ ಕೇಳ್ತಿದೀನಿ. ನಮ್ ಬಿಎಂಸಿ, ಅಂದ್ರೆ ಮುಂಬೈ ಪಾಲಿಕೆಯ ಹಳೇ ಸಭೆಯ ಅವಧಿ ಮುಗಿದಿದ್ದು 2022ರ ಮಾರ್ಚ್ 7ಕ್ಕೆ, ಹೊಸ ಚುನಾವಣೆ ಆಗಿದ್ದು 2026ರ ಜನವರಿಗೆ. ಅಲ್ಲಿವರೆಗೆ 227 ವಾರ್ಡಿಗೆ ಒಬ್ಬೇ ಒಬ್ಬ ನಗರಸೇವಕ (ಕಾರ್ಪೊರೇಟರ್) ಇಲ್ಲ. ಸಂವಿಧಾನದ 243-ಯು ತೆಗೆದು ನೋಡಿ, ಪಾಲಿಕೆ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ, ಅದು ಮುಗಿಯೋದ್ರೊಳಗೇ ಮುಂದಿನ ಚುನಾವಣೆ ಮುಗ್ಸಿರ್ಬೇಕು ಅಂತ ಸ್ಪಷ್ಟವಾಗಿ ಬರ್ದಿದೆ.

ಗಟಾರದ ವಿಷಯ ಬಿಡಿ, ಅದು ಕಾರ್ಪೊರೇಟರ್ ಇದ್ದಾಗ್ಲೂ ತುಂಬ್ತಿತ್ತು. ನನ್ನ ತಲೆ ತಿಂದಿದ್ದು ಬಜೆಟ್. ನಮ್ 1888ರ ಮುನಿಸಿಪಲ್ ಕಾಯ್ದೇಲಿ ಲೆಕ್ಕ ಏನು ಅಂದ್ರೆ ಖರ್ಚಿನ ಅಂದಾಜು ಮಾಡೋದು ಕಮಿಷನರ್, ಅದನ್ನ ಹಿಂಡಿ ಹಿಪ್ಪೆ ಮಾಡಿ ಪ್ರಶ್ನೆ ಕೇಳೋದು ಸ್ಥಾಯಿ ಸಮಿತಿ, ಕೊನೆಗೆ ಒಪ್ಪಿಗೆ ಕೊಡೋದು ಇಡೀ ಸಭೆ. ಸಭೇನೇ ಇಲ್ದೆ ಇದ್ದಾಗ ಕಮಿಷನರನ್ನೇ ಆಡಳಿತಾಧಿಕಾರಿ ಅಂತ ಕೂರ್ಸಿದ್ರು. ಅಂದ್ರೆ ಬಜೆಟ್ ಮಂಡಿಸೋ ಆಡಳಿತಕ್ಕೂ ಒಪ್ಪಿಗೆ ಕೊಡೋ ಸಹಿಗೂ ಒಂದೇ ಕುರ್ಚಿ. 2025-26ರ ಬಜೆಟ್ 74,427 ಕೋಟಿ, ಗೋವಾ ರಾಜ್ಯದ ಬಜೆಟ್‌ಗಿಂತ ಎಷ್ಟೋ ಪಾಲು ದೊಡ್ದು. ಶಾಲೇಲಿ ನಾಗರಿಕ ಶಾಸ್ತ್ರದ ಮೇಷ್ಟ್ರು ಶಾಸಕಾಂಗ ಕಾರ್ಯಾಂಗ ಬೇರೆ ಬೇರೆ ಅಂತ ಬಾಯಿಪಾಠ ಮಾಡ್ಸಿದ್ರಲ್ಲ, ಅದೆಲ್ಲ ಡೆಲ್ಲಿಗೆ ಮಾತ್ರನಾ?

ವಾಕಡ್_ವಾಸಿ

ಮಾವ ಬೇಜಾರ್ ಮಾಡ್ಕೋಬೇಡಿ, ಆದ್ರೆ ಒಂದು ಅಪ್ರಿಯ ಸತ್ಯ ಹೇಳ್ತೀನಿ. ನಮ್ ಪಿಂಪ್ರಿ-ಚಿಂಚ್‌ವಡ್‌ನಲ್ಲೂ 2022ರ ಮಾರ್ಚ್‌ನಿಂದ ಅಡ್ಮಿನಿಸ್ಟ್ರೇಟರೇ ಇದ್ದಿದ್ದು, ನಮ್ ಸೊಸೈಟಿಲಿ ಯಾರಿಗೂ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ. ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿದ್ರೆ ಜನ ಬರ್ತಿದ್ರು, ಕಾರ್ಪೊರೇಟರ್ ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲ, ಗಣಪತಿ ಚಂದಾ ಒತ್ತಡ ಇಲ್ಲ. ಈ ಸಲ ವೋಟಿಗೆ ಹೋದ್ರೆ ಒಂದು ಪ್ರಭಾಗಕ್ಕೆ, ಅಂದ್ರೆ ವಾರ್ಡಿಗೆ, ಅ, ಬ, ಕ, ಡ ಅಂತ ನಾಲ್ಕು ಸೀಟು, ನಾಲ್ಕು ಬಟನ್ ಒತ್ತಿ ಬಂದೆ. ನಾಳೆ ನೀರು ಬರ್ಲಿಲ್ಲ ಅಂದ್ರೆ ನಾಲ್ಕು ಜನದಲ್ಲಿ ಯಾರನ್ನ ಹಿಡ್ಕೊಳ್ಳಿ? ಬೆಂಗಳೂರಲ್ಲೂ ಅಷ್ಟೇ, ಬಿಬಿಎಂಪಿ ಅವಧಿ 2020ರ ಸೆಪ್ಟೆಂಬರ್‌ಗೇ ಮುಗೀತು, ಆಮೇಲೆ ಪಾಲಿಕೇನೇ ಒಡೆದು ಐದು ಮಾಡಿದ್ರು, ಊರೇನು ನಿಂತೋಯ್ತಾ? ಅಧಿಕಾರ ಹಂಚಿದಷ್ಟೂ ಫೈಲ್ ಓಡಾಡೋದು ಜಾಸ್ತಿ ಆಗುತ್ತೆ ಅಷ್ಟೇ.

ಸುಮ್ನೆ_ಓದೋಳು

ಊರು ನಿಲ್ಲಲ್ಲ ಸರ್, ಕೇಳೋರು ಇರಲ್ಲ. ಎರಡೂ ಬೇರೆ ಬೇರೆ.

ಫೋರ್ಟ್_ಜೂನಿಯರ್

ಹೈಕೋರ್ಟ್ ಕ್ಯಾಂಟೀನಲ್ಲಿ ಕೂತು ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ ತಡ್ಕೊಳ್ಳಿ.

ಮಾವನ ಪ್ರಶ್ನೆಗೆ ನೇರ ಉತ್ತರ: ಸಂವಿಧಾನ ಗಡುವು ಹಾಕಿದೆ, ಗಡುವು ಮೀರಿದ್ರೆ ಏನು ಅಂತ ಬರೆದಿಲ್ಲ. ಚುನಾವಣೆ ನಡೆಸೋಕೆ ರಾಜ್ಯ ಚುನಾವಣಾ ಆಯೋಗ ಅಂತ ಸ್ವತಂತ್ರ ಸಂಸ್ಥೆ ಇಟ್ಟಿದಾರೆ, ಸರಿ. 2006ರಲ್ಲೇ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ತೀರಾ ಅಸಾಧಾರಣ ಪರಿಸ್ಥಿತಿ ಬಿಟ್ರೆ ಆಯೋಗ ಚುನಾವಣೆ ಮುಂದಕ್ಕೆ ಹಾಕಂಗಿಲ್ಲ ಅಂತ. ಆದ್ರೆ ವಾರ್ಡ್ ಎಷ್ಟು, ಗಡಿ ಎಲ್ಲಿ, ಮೀಸಲಾತಿ ಎಷ್ಟು ಅನ್ನೋ ಕಾಯ್ದೆ ಮಾಡೋದು ರಾಜ್ಯ. 2021ರ ಮಾರ್ಚ್‌ನಲ್ಲಿ ಗವಳಿ ಕೇಸಿನ ತೀರ್ಪು ಬಂತು, ಸ್ಥಳೀಯ ಸಂಸ್ಥೆಗಳಲ್ಲಿ ಓಬಿಸಿ ಮೀಸಲಾತಿ ಕೊಡೋಕೆ ಮುಂಚೆ ಅದಕ್ಕಂತಲೇ ಬೇರೆ ಆಯೋಗ ಕೂರಿಸಿ ಅಂಕಿಅಂಶ ತೆಗೀಬೇಕು, ಸಂಸ್ಥೆವಾರು ಪ್ರಮಾಣ ಗೊತ್ತುಮಾಡ್ಬೇಕು, ಒಟ್ಟು ಮೀಸಲಾತಿ 50% ದಾಟಬಾರ್ದು ಅಂತ. ಅಂಕಿಅಂಶ ರೆಡಿ ಇರ್ಲಿಲ್ಲ. 2022ರ ಮಾರ್ಚ್‌ನಲ್ಲಿ ಶಾಸನಸಭೆ ಒಂದು ಕಾಯ್ದೆ ಮಾಡಿ ವಾರ್ಡ್ ಗಡಿ ಗುರುತಿಸೋ ಅಧಿಕಾರಾನೇ ಚುನಾವಣಾ ಆಯೋಗದಿಂದ ಸರ್ಕಾರಕ್ಕೆ ತಗೊಂಡ್ತು, ಆಡೋ ತಂಡದ ಕೈಗೇ ಪಿಚ್‌ನ ಸುಣ್ಣ ಕೊಟ್ಟಂಗೆ. ಆಗಿನ ಸರ್ಕಾರ ಮುಂಬೈಗೆ 236 ವಾರ್ಡ್ ಅಂತು, ಅದು ಬಿದ್ದು ಬಂದ ಸರ್ಕಾರ ಆಗಸ್ಟ್‌ನಲ್ಲಿ ವಾಪಸ್ 227 ಅಂತು. ಇದೆಲ್ಲ ಸುಪ್ರೀಂ ಕೋರ್ಟಿಗೆ ಹೋಯ್ತು, ಅದೇ 2022ರ ಆಗಸ್ಟ್‌ನಲ್ಲಿ ಯಥಾಸ್ಥಿತಿ ಅಂತ ಆರ್ಡರ್. ಆ ಯಥಾಸ್ಥಿತಿ ಎರಡೂವರೆ ವರ್ಷ ದಾಟಿ ಎಳೀತು. ಕೊನೆಗೆ 2025ರ ಮೇ 6ಕ್ಕೆ ಅದೇ ಕೋರ್ಟು ನಾಲ್ಕು ವಾರದಲ್ಲಿ ಅಧಿಸೂಚನೆ ಹೊರಡ್ಸಿ ನಾಲ್ಕು ತಿಂಗಳಲ್ಲಿ ಮುಗ್ಸಿ ಅಂತು, ಅದೂ ಆಗ್ದೆ ಸೆಪ್ಟೆಂಬರ್‌ನಲ್ಲಿ ಕೊನೇ ಗಡುವು 2026ರ ಜನವರಿ 31.

ಇದ್ರಲ್ಲಿ ಯಾರ ತಪ್ಪು ಹೇಳಿ ನೋಡೋಣ? ಎರಡು ಮೈತ್ರಿಕೂಟದ ಸರ್ಕಾರಗಳು, ಆಯೋಗ, ಕೋರ್ಟು, ಎಲ್ಲರೂ ಸ್ವಲ್ಪ ಸ್ವಲ್ಪ. ಅಧಿಕಾರ ಹಂಚಿಕೆ ಅಂದ್ರೆ ಒಬ್ಬನನ್ನ ಇನ್ನೊಬ್ಬ ತಡೀತಾನೆ ಅಂತ ಓದಿರ್ತೀವಿ. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಡೆದ್ರು, ನಿಂತಿದ್ದು ಮಾತ್ರ ವೋಟು.

ಇನ್ನೊಂದು, ಬುಡದ ಸಮಸ್ಯೆ ಅದೇ. ಕೇಂದ್ರಕ್ಕೂ ರಾಜ್ಯಕ್ಕೂ ಏಳನೇ ಶೆಡ್ಯೂಲಲ್ಲಿ ಅವರವರದ್ದೇ ಪಟ್ಟಿ ಇದೆ. ಪಾಲಿಕೆಗೆ ಅಂತ ಸ್ವಂತ ಪಟ್ಟಿ ಇಲ್ಲ, ಸ್ಥಳೀಯ ಆಡಳಿತ ಅನ್ನೋದೇ ರಾಜ್ಯ ಪಟ್ಟಿಯ ಐದನೇ ಐಟಂ. 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಗೆ ಬಂದಾಗ ಹನ್ನೆರಡನೇ ಶೆಡ್ಯೂಲ್ ಅಂತ 18 ವಿಷಯ ಸೇರ್ಸಿದ್ರು, ಆದ್ರೆ ಅದ್ರಲ್ಲಿ ಯಾವ್ದು, ಎಷ್ಟು ಕೊಡ್ಬೇಕು ಅನ್ನೋದು ರಾಜ್ಯದ ಮರ್ಜಿ. ಮೇಯರ್‌ಗೆ ಗತ್ತು ಇರ್ಬಹುದು, ಕಾರ್ಯಾಂಗದ ಅಧಿಕಾರ ಇರೋದು ರಾಜ್ಯ ನೇಮಿಸೋ ಕಮಿಷನರ್ ಕೈಲೇ.

ವಾಕಡ್_ವಾಸಿ

ಅಂದ್ರೆ ನಾನು ಹೇಳಿದ್ದೇ ಆಯ್ತಲ್ಲ, ಕಾರ್ಪೊರೇಟರ್ ಇದ್ರೂ ಕಮಿಷನರೇ, ಇಲ್ದಿದ್ರೂ ಕಮಿಷನರೇ 😄

ಕರಾವಳಿ_ಕಾಂದಿವಲಿ

ಅಲ್ಲ ಮಾರಾಯ್ರೆ, ನಿಮಗೆ ಗೇಟೆಡ್ ಸೊಸೈಟಿ ಉಂಟು, ಆ್ಯಪ್ ಉಂಟು. ನಮ್ಮ ವಿಷಯ ಕೇಳಿ. ಮುಂಬೈ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ ಒಟ್ಟಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸ್ತದೆ, ಇದು ಊರಿನವರಿಗೆ ಹೇಳಿದ್ರೆ ಹೌದಾ ಅಂತ ಬಾಯಿ ಬಿಡ್ತಾರೆ. ಹೋಟೆಲ್ ಕೆಲಸಕ್ಕೆ ಬಂದವರ ಮಕ್ಕಳು, ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು ಅಲ್ಲಿ ಕಲಿಯುವುದು. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ, ಹೆಸರು ಬೇಡ, ಮಕ್ಕಳು ಕಡಿಮೆ ಅಂತ ಎರಡು ಕ್ಲಾಸನ್ನು ಒಂದೇ ರೂಮಿಗೆ ಹಾಕಿದ್ರು. ಕರಿಹಲಗೆಯ ಎಡಗಡೆ ಮೂರನೇ ಕ್ಲಾಸಿನ ಭಾಗಾಕಾರ, ಬಲಗಡೆ ನಾಲ್ಕನೆಯವರ ಪದ್ಯ, ಮಧ್ಯದಲ್ಲಿ ಸೀಮೆಸುಣ್ಣದ ಗೆರೆ. ಟೀಚರ್ ಪಾಪ ಗೆರೆ ಆಚೆಗೊಮ್ಮೆ ಈಚೆಗೊಮ್ಮೆ.

ನಾವು ನಾಲ್ಕು ಪೋಷಕರನ್ನು ಕರ್ಕೊಂಡು ಹೋದೆವು. ಮೊದಲೆಲ್ಲ ಪಾಲಿಕೆಯಲ್ಲಿ ಶಿಕ್ಷಣ ಸಮಿತಿ ಅಂತ ಇರ್ತಿತ್ತು, ಕಾರ್ಪೊರೇಟರುಗಳದ್ದು, ಅಲ್ಲಿ ಯಾರಾದ್ರೂ ನಮ್ಮ ಪರ ಒಂದು ಪ್ರಶ್ನೆ ಎತ್ತಿದ್ರೆ ಅಧಿಕಾರಿ ಎದ್ದು ನಿಂತು ಉತ್ತರ ಕೊಡಬೇಕಿತ್ತು, ಅದು ದಾಖಲೆಗೆ ಹೋಗ್ತಿತ್ತು. ಸಭೆಯೇ ಇಲ್ಲದ ಮೇಲೆ ಸಮಿತಿ ಎಲ್ಲಿಂದ? ಅರ್ಜಿ ಕೊಟ್ಟೆವು, ಠಸ್ಸೆ ಬಿತ್ತು, ಅಷ್ಟೇ. ಸಂವಿಧಾನದ 350-ಎ ನೋಡಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಕೊಡ್ಲಿಕ್ಕೆ ಪ್ರತಿ ರಾಜ್ಯ ಮತ್ತು ಪ್ರತಿ ಸ್ಥಳೀಯ ಸಂಸ್ಥೆ ಪ್ರಯತ್ನಿಸಬೇಕು ಅಂತ 1956ರಲ್ಲೇ ಸೇರಿಸಿದ್ದಾರೆ. ಸ್ಥಳೀಯ ಸಂಸ್ಥೆ ಅಂತ ಎತ್ತಿ ಹೇಳಿದೆ. ಆ ಸ್ಥಳೀಯ ಸಂಸ್ಥೆ ಒಬ್ಬ ಐಎಎಸ್ ಅಧಿಕಾರಿಯ ಕ್ಯಾಬಿನ್ ಆಗಿಬಿಟ್ರೆ ನಾವು ಕೇಳುವುದು ಎಂತ, ಯಾರ ಹತ್ರ?

ಫೋರ್ಟ್_ಜೂನಿಯರ್

350-ಬಿ ಕೂಡ ಇದೆ ಅಣ್ಣಾ, ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ. ಅವರು ರಾಷ್ಟ್ರಪತಿಗೆ ವರದಿ ಕೊಡ್ತಾರೆ, ಅದನ್ನ ಸಂಸತ್ತಿನ ಮುಂದೆ ಇಡ್ತಾರೆ, ರಾಜ್ಯಗಳಿಗೆ ಕಳಿಸ್ತಾರೆ. ಪಾಲಿಕೆಗೆ ಮಾಡು ಅಂತ ಆರ್ಡರ್ ಹಾಕೋ ಕೈ ಅವರಿಗಿಲ್ಲ. ಶಿಕ್ಷಣ ಮೊದಲು ರಾಜ್ಯ ಪಟ್ಟೀಲಿತ್ತು, ತುರ್ತು ಪರಿಸ್ಥಿತಿ ಟೈಮಲ್ಲಿ 42ನೇ ತಿದ್ದುಪಡಿ ಮಾಡಿ ಅರಣ್ಯ, ವನ್ಯಪ್ರಾಣಿ ಎಲ್ಲದರ ಜೊತೆ ಸಮವರ್ತಿ ಪಟ್ಟಿಗೆ, ಅಂದ್ರೆ ಕೇಂದ್ರ ರಾಜ್ಯ ಎರಡೂ ಕಾನೂನು ಮಾಡೋ ಪಟ್ಟಿಗೆ ತಂದ್ರು. ಹಂಗಾಗಿ ನಿಮ್ ಆ ಒಂದು ರೂಮಿಗೆ ಈಗ ಮೂರು ಸರ್ಕಾರ ಯಜಮಾನ್ರು.

ಹುಬ್ಬಳ್ಳಿ_ಟು_ಪುಣೆ

ಅಲ್ರೀ, ನೀವು ಪಾಲಿಕಿ ಪಾಲಿಕಿ ಅಂತ ಕುಂತೀರಿ, ಒಂದ ಇಡೀ ರಾಜ್ಯ ಸರಕಾರನ ಒಂದ ಮುಂಜಾನಿಯೊಳಗ ಮನಿಗೆ ಕಳಿಸಿದ್ದು ಮರತ್ರೇನು? ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಕತಿ. ಹುಬ್ಬಳ್ಳಿ ಗ್ರಾಮೀಣದಿಂದ ಗೆದ್ದೋರು, 1988ರ ಆಗಸ್ಟಿಗೆ ಮುಖ್ಯಮಂತ್ರಿ ಆದ್ರು. 1989ರ ಏಪ್ರಿಲ್‌ದಾಗ ಒಬ್ಬ ಶಾಸಕ ರಾಜ್ಯಪಾಲರ ಕಡೆ 19 ಪತ್ರ ತಗೊಂಡ ಹೋದ, ಬೆಂಬಲ ವಾಪಸ್ ಅಂತ. ರಾಜ್ಯಪಾಲ್ರು ದಿಲ್ಲಿಗೆ ವರದಿ ಒಗದ್ರು. ಮರುದಿನನ ಆ 19ರೊಳಗ ಏಳು ಮಂದಿ ಬಂದು ನಮಗ ಸುಳ್ಳ ಹೇಳಿ ಸಹಿ ಮಾಡಿಸ್ಯಾರ, ನಾವು ಸರಕಾರದ ಕಡೀನ ಅದೀವಿ ಅಂದ್ರು. ಬೊಮ್ಮಾಯಿ ಅವ್ರು ಸದನ ಕರೀರಿ, ಅಲ್ಲೇ ಎಣಿಸೂಣು ಅಂದ್ರು. ಕೇಳ್ಲಿಲ್ರೀ. ಏಪ್ರಿಲ್ 21ಕ್ಕ 356ನೇ ವಿಧಿ, ಅಂದ್ರ ರಾಷ್ಟ್ರಪತಿ ಆಳ್ವಿಕಿ ಜಾರಿ, ಸರಕಾರನೂ ಹೋತು ವಿಧಾನಸಭಾನೂ ಹೋತು.

ಎಣಿಕಿ ಮಾಡೂ ಜಾಗಾ ಯಾವ್ದು, ಇದ ಒಂದ ಪ್ರಶ್ನಾಕ್ಕ ಉತ್ತರ ಬರಾಕ ಐದು ವರ್ಷ ಹಿಡೀತು. 1994ರ ಮಾರ್ಚ್ 11, ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ. ಬಹುಮತ ಐತೋ ಇಲ್ಲೋ ಅನ್ನೂದನ್ನ ಸದನದ ನೆಲದ ಮ್ಯಾಲೆ ನೋಡ್ಬೇಕು, ರಾಜಭವನದ ಸೋಫಾದ ಮ್ಯಾಲೆ ಅಲ್ಲ. ರಾಷ್ಟ್ರಪತಿ ಘೋಷಣಾನೂ ಕೋರ್ಟು ತೆಗದು ನೋಡಬಹುದು. ಸಂಸತ್ತಿನ ಎರಡೂ ಸದನ ಒಪ್ಪೂತನಕ ವಿಧಾನಸಭಾ ವಿಸರ್ಜನ ಮಾಡೂಹಂಗಿಲ್ಲ, ಅಮಾನತ್ತಿನ್ಯಾಗ ಇಡಬಹುದು ಅಷ್ಟ. ಅವ್ರಿಗೆ ಅಧಿಕಾರ ಏನು ವಾಪಸ್ ಬರ್ಲಿಲ್ಲ, ಅಷ್ಟೊತ್ತಿಗೆ ಬ್ಯಾರೆ ಚುನಾವಣಿ ಆಗಿ ಬ್ಯಾರೆ ಸರಕಾರ ಬಂದಿತ್ತು. ಆದ್ರ 2018ರ ಮೇದಾಗ ಯಡಿಯೂರಪ್ಪ ಅವ್ರಿಗೆ ರಾಜ್ಯಪಾಲ್ರು ಹದಿನೈದು ದಿನ ಟೈಮ್ ಕೊಟ್ರ ಕೋರ್ಟು ನಾಳೆನ ಸಾಬೀತ ಮಾಡ್ರಿ ಅಂತಲ್ಲ, 2019ರ ನವೆಂಬರ್‌ದಾಗ ಇಲ್ಲಿ ಮಹಾರಾಷ್ಟ್ರದಾಗ ನಸಕಿನ್ಯಾಗ ಪ್ರಮಾಣ ವಚನ ಆದಮ್ಯಾಲೆ ಮರುದಿನದೊಳಗ ವಿಶ್ವಾಸಮತ ಅಂತಲ್ಲ, ಅದರ ಬೇರು ಇದ. ಮಹಾರಾಷ್ಟ್ರದ ಮಂದಿಗೆ ನಮ್ಮ ಊರಿನ ಹೆಸರು ಕೋರ್ಟಿನ್ಯಾಗ ಉಪಯೋಗ ಆತು, ನನ್ನ ಮರಾಠಿ ರೂಮ್‌ಮೇಟ್‌ಗ ಇದನ್ನ ಹೇಳಿ ಹೇಳಿ ಅವ ಬ್ಯಾಸತ್ತಾನ.

ವಾಸ್ಕೊ_ವಿಜಯಪುರ

ನೀವೆಲ್ಲ ದೊಡ್ಡ ರಾಜ್ಯದವ್ರು. ಗೋವಾಕ್ಕ ಬರ್ರಿ, ಸಣ್ಣದ್ರಾಗ ಹೆಂಗ ಕಾಣ್ತದ ನೋಡ್ರಿ. 40 ಶಾಸಕರು. ಮಂತ್ರಿಮಂಡಲ ಸದನದ 15% ದಾಟಬಾರ್ದು ಅಂತ 2003ರ 91ನೇ ತಿದ್ದುಪಡಿ, ಭಾಳ ಚಲೋ. 40ರ 15% ಅಂದ್ರ 6. ಆದ್ರ ಅದೇ ತಿದ್ದುಪಡಿಯಾಗ ಯಾವ ರಾಜ್ಯದಾಗೂ ಮಂತ್ರಿಗಳು 12ಕ್ಕಿಂತ ಕಮ್ಮಿ ಇರಬಾರ್ದು ಅಂತನೂ ಅದ. ಹಂಗಾಗಿ ನಮ್ಮಲ್ಲಿ 12. ಈಗ ಲೆಕ್ಕಾ ಹಾಕ್ರಿ, ಸರಕಾರ ನಡೀಲಿಕ್ಕ 21 ಮಂದಿ ಬೇಕು, ಅದ್ರಾಗ 12 ಮಂತ್ರಿ, ಒಬ್ಬ ಸ್ಪೀಕರ್, ಒಬ್ಬ ಡೆಪ್ಯುಟಿ, ಉಳಿದವ್ರಿಗೆ ನಿಗಮ ಮಂಡಳಿ. ಸರಕಾರಕ್ಕ ಪ್ರಶ್ನಾ ಕೇಳೂ ಆಡಳಿತ ಪಕ್ಷದ ಶಾಸಕ ಅಂತ ಯಾರ ಉಳಿದ್ರು? ಶಾಸಕಾಂಗ ಕಾರ್ಯಾಂಗ ಬ್ಯಾರೆ ಅನ್ನೂದು ಇಲ್ಲಿ ಕುರ್ಚಿ ಎಣಿಕಿಯಾಗನ ಕರಗಿ ಹೋಗ್ತದ.

ಪಕ್ಷಾಂತರ ಕಾನೂನು ಕೇಳಬ್ಯಾಡ್ರಿ. ಹತ್ತನೇ ಶೆಡ್ಯೂಲ್ ಪ್ರಕಾರ ಒಬ್ಬ ಹಾರಿದ್ರ ಸೀಟು ಹೋಗ್ತದ, ಮೂರನೇ ಎರಡು ಪಾಲು ಸೇರಿ ಹಾರಿದ್ರ ವಿಲೀನ ಅನ್ನಿಸ್ಕೊಂತದ. 2019ರ ಜುಲೈದಾಗ ಕಾಂಗ್ರೆಸ್ಸಿನ 15ರಾಗ 10 ಮಂದಿ ಬಿಜೆಪಿ ಸೇರಿದ್ರು, ಸರಿಯಾಗಿ ಮೂರನೇ ಎರಡು, ಒಂದ ಕಡಿಮಿ ಇಲ್ಲ. 2022ರ ಚುನಾವಣಿಗೆ ಮೊದ್ಲ ಕಾಂಗ್ರೆಸ್ಸಿನವ್ರು ತಮ್ಮ ಅಭ್ಯರ್ಥಿಗಳನ್ನ ದೇವಸ್ಥಾನ, ಚರ್ಚು, ದರ್ಗಾ ಮೂರೂ ಕಡೆ ಕರ್ಕೊಂಡ ಹೋಗಿ ಪ್ರಮಾಣ ಮಾಡಿಸಿದ್ರು. ಸೆಪ್ಟೆಂಬರ್‌ದಾಗ 11ರಾಗ 8 ಮಂದಿ ಹೋದ್ರು. ಮೂರು ದೇವ್ರ ಕೈಲಿ ಆಗದ್ದು ಒಂದ ಕಲಮಿನ ಕೈಲಿ ಎಲ್ಲಿ ಆಗ್ತದ. ಮತ್ತ ತೀರ್ಪು ಕೊಡಾವ್ರು ಯಾರು, ಸ್ಪೀಕರ್. ಆ ಸ್ಪೀಕರ್ ಯಾವ ಪಕ್ಷದವ್ರು ಅಂತ ನಾ ಹೇಳಬೇಕೇನು.

ವಾಕಡ್_ವಾಸಿ

ವಾಸ್ಕೊ ಅಣ್ಣ 🙏 ಮೂರು ದೇವ್ರು ಡೈಲಾಗ್ ವಾಟ್ಸ್ಆ್ಯಪ್‌ಗೆ ಹಾಕ್ಕೊಂಡೆ.

ಗಡಿ_ಗಲಾಟೆ

ಇದೆಲ್ಲ ಇರ್ಲಿ, ಬೆಳಗಾವಿ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? ಮಹಾರಾಷ್ಟ್ರ 2004ರಲ್ಲಿ ಹಾಕಿದ ಕೇಸು ಇನ್ನೂ ಸುಪ್ರೀಂ ಕೋರ್ಟಲ್ಲಿದೆ, ಮಹಾಜನ ವರದಿ 1967ರಲ್ಲೇ ಬಂದಾಗಿದೆ, ಇಲ್ಲಿ ಕೂತ್ಕೊಂಡು ಮರಾಠಿಯವರ ಪಾಲಿಕೆಗೆ ಕಣ್ಣೀರಾ?

ವೇದಿಕೆ_ಪಾಲಕ

ಗಡಿ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಎಷ್ಟು ಬೇಕಾದ್ರೂ ಕೂಗಾಡಿ. ಇಲ್ಲಿ ಸಂಬಂಧ ಇರೋಷ್ಟು ಮಾತ್ರ. ನೀವು ಹೇಳಿದ ಕೇಸು 131ನೇ ವಿಧಿ ಕೆಳಗಿನದು, ರಾಜ್ಯ ರಾಜ್ಯದ ಮೇಲೆ ನೇರ ಸುಪ್ರೀಂ ಕೋರ್ಟಲ್ಲೇ ದಾವೆ ಹೂಡೋ ದಾರಿ. ಆದ್ರೆ 3ನೇ ವಿಧೀಲಿ ರಾಜ್ಯದ ಗಡಿ, ಹೆಸರು, ಕೊನೆಗೆ ರಾಜ್ಯವನ್ನೇ ಬದಲಾಯ್ಸೋ ಅಧಿಕಾರ ಸಂಸತ್ತಿಗಿದೆ, ಅದೂ ಸಾಮಾನ್ಯ ಬಹುಮತದಲ್ಲಿ. ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳ್ಬೇಕು, ಒಪ್ಪಿಗೆ ಬೇಕಿಲ್ಲ. ಹಾಗಾಗಿ ಪಾಲಿಕೆ ರಾಜ್ಯದ ಮರ್ಜೀಲಿದೆ ಅನ್ನೋವಾಗ ರಾಜ್ಯದ ಗಡಿ ಯಾರ ಮರ್ಜೀಲಿದೆ ಅನ್ನೋದನ್ನೂ ನೆನಪಿಟ್ಕೊಳ್ಳಿ. ಇಷ್ಟಕ್ಕೆ ಮುಗೀತು, ಮುಂದಿನ ಬೆಳಗಾವಿ ಕಾಮೆಂಟ್ ಡಿಲೀಟ್.

ಫೋರ್ಟ್_ಜೂನಿಯರ್

ಹುಬ್ಬಳ್ಳಿ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅದು ಮಾವನ ಪ್ರಶ್ನೆಗೂ ಬಂದು ಸೇರುತ್ತೆ. 2023ರ ಮೇ 11ಕ್ಕೆ ಶಿವಸೇನೆ ಒಡೆದ ಮಹಾರಾಷ್ಟ್ರದ ಕೇಸಲ್ಲಿ ಐದು ನ್ಯಾಯಮೂರ್ತಿಗಳು ರಾಜ್ಯಪಾಲರು ವಿಶ್ವಾಸಮತಕ್ಕೆ ಕರೆದಿದ್ದೇ ತಪ್ಪು ಅಂದ್ರು. ಹಾಗಾದ್ರೆ ಹಳೇ ಸರ್ಕಾರ ವಾಪಸ್ಸಾ? ಇಲ್ಲ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಮತ ಎದುರಿಸ್ದೆ ರಾಜೀನಾಮೆ ಕೊಟ್ಟುಬಿಟ್ಟಿದ್ರು, ಹಾಗಾಗಿ ಗಡಿಯಾರ ಹಿಂದಕ್ಕೆ ತಿರುಗ್ಸೋಕೆ ಆಗಲ್ಲ ಅಂತಾಯ್ತು. ಶಾಸಕರ ಅನರ್ಹತೆ ಸ್ಪೀಕರ್‌ಗೆ ಬಿಟ್ರು, ಸ್ಪೀಕರ್ ನಿರ್ಧಾರ ಬಂದಿದ್ದು 2024ರ ಜನವರಿ 10ಕ್ಕೆ, ಅದೇ ವರ್ಷ ವಿಧಾನಸಭೆಯ ಅವಧಿಯೇ ಮುಗೀತು. ತಪ್ಪು ಅಂತ ಹೇಳೋ ಸಂಸ್ಥೆ ಇದೆ, ಹೇಳೋವಷ್ಟರಲ್ಲಿ ಕಾಲ ಕಳೆದಿರುತ್ತೆ. ಬೊಮ್ಮಾಯಿ ಅವ್ರಿಗೂ ಅದೇ ಆಯ್ತು, ಮುಂಬೈ ಮತದಾರಂಗೂ ಅದೇ.

ಈ ಕಾರಣಕ್ಕೇ ನಾನು ಬರೀ ಕೋರ್ಟ್ ನಂಬ್ಕೊಳ್ಳಿ ಅನ್ನೋ ಪೈಕಿ ಅಲ್ಲ, ಕೋಟು ಹಾಕ್ಕೊಂಡೂ.

ಕರಾವಳಿ_ಕಾಂದಿವಲಿ

ಆದ್ರೂ ಕೋರ್ಟನ್ನು ಪೂರ್ತಿ ತೆಗೆದು ಹಾಕ್ಬೇಡ ತಂಗಿ. ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೋದದ್ದು ಮಠದ ಜಾಗದ ವಿಷಯಕ್ಕೆ, ಕೇರಳದ ಭೂಸುಧಾರಣೆ ವಿರುದ್ಧ. ವಾದ ಮಾಡಿದ್ದು ಮುಂಬೈಯ ಪಾಲ್ಖಿವಾಲಾ, 13 ನ್ಯಾಯಮೂರ್ತಿಗಳು, 68 ದಿವಸ. 1973ರ ಏಪ್ರಿಲ್ 24ಕ್ಕೆ 7-6ರಲ್ಲಿ ಬಂದದ್ದು ಏನೆಂದ್ರೆ ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆ ಕೆಡಿಸುವ ಹಾಗಿಲ್ಲ. ಸ್ವಾಮಿಗಳಿಗೆ ಜಮೀನಿನ ಲಾಭ ಎಂತ ಆಗ್ಲಿಲ್ಲ.

ಆದ್ರೆ ಮರುದಿನದ ಕತೆ ಹೆಚ್ಚಿನವರು ಹೇಳುವುದಿಲ್ಲ. ಆ ಏಳರಲ್ಲಿ ಒಬ್ಬರು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತಿ ಆದದ್ದೇ ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಆರು ಜನರ ಕಡೆ ಇದ್ದ ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ರು. ಮೂವರೂ ರಾಜೀನಾಮೆ ಬಿಸಾಡಿದ್ರು. ಹೆಗ್ಡೆಯವರು 1977ರಲ್ಲಿ ಲೋಕಸಭೆಗೆ ಗೆದ್ದು ಸ್ಪೀಕರ್ ಆದ್ರು. ತೀರ್ಪು ಬದಲಾಯಿಸ್ಲಿಕ್ಕೆ ಆಗದಿದ್ರೆ ತೀರ್ಪು ಕೊಡುವವರನ್ನು ಬದಲಾಯಿಸುವ ಬಾಗಿಲು ತೆರೆದೇ ಇತ್ತು, ಆ ಬಾಗಿಲಿಗೆ ಒಂದು ಚಿಲಕ ಬಿದ್ದದ್ದು ತೊಂಬತ್ತರ ದಶಕದಲ್ಲಿ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಬಂದ ಮೇಲೆ. ಅದು ಈಗ ಒಳಗಿನಿಂದ ಹಾಕಿದ ಚಿಲಕ ಆಗಿದೆ ಅಂತ ಬೈಯುವವರು ಉಂಟು, ಅದೂ ಸುಳ್ಳಲ್ಲ.

ಮುಲುಂಡ್_ಮಾವ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉದ್ದ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ. ವಾಕಡ್ ತಮ್ಮಾ, ನಿನ್ನ ಪಾಯಿಂಟ್‌ಗೆ ಬರ್ತೀನಿ. ಕಾರ್ಪೊರೇಟರ್ ಕಮಿಷನ್ ತಿಂತಾನೆ ಅಂತ ನಂಗೂ ಗೊತ್ತು, ನನ್ ಕೂದ್ಲು ಇಲ್ಲೇ ಬೆಳ್ಳಗಾಗಿದ್ದು. ಆದ್ರೆ ಅವನನ್ನ ನಾನು ಐದು ವರ್ಷಕ್ಕೆ ಸೋಲಿಸ್ಬಹುದು, ರಸ್ತೇಲಿ ನಿಲ್ಸಿ ಕೇಳ್ಬಹುದು, ವಿರೋಧ ಪಕ್ಷದವನು ಸ್ಥಾಯಿ ಸಮಿತೀಲಿ ಅವನ ಟೆಂಡರ್ ಓದಿ ಪೇಪರ್‌ಗೆ ಕೊಡ್ತಾನೆ. ಅಡ್ಮಿನಿಸ್ಟ್ರೇಟರ್ ಎಷ್ಟೇ ಒಳ್ಳೆಯವ್ರಾಗಿದ್ರೂ ಅವ್ರಿಗೆ ಟ್ರಾನ್ಸ್‌ಫರ್ ಕೊಡೋದು ಮಂತ್ರಾಲಯ (ಮುಂಬೈಲಿರೋ ರಾಜ್ಯ ಸಚಿವಾಲಯ), ಅವ್ರು ತಿರುಗಿ ನೋಡೋದೂ ಆ ಕಡೇನೇ.

ಈಗ ಸಭೆ ಬಂತು. ಕಾಂದಿವಲಿಯವ್ರೆ, ಆ ಶಾಲೆ ಅರ್ಜಿ ಇನ್ನೊಂದ್ಸಲ ಹಾಕೋಣ್ವಾ?

ಫೋರ್ಟ್_ಜೂನಿಯರ್

ಹಾಕಿ. ಈ ಸಲ ಕಮಿಷನರ್‌ಗೆ ಮಾತ್ರ ಬೇಡ, ನಿಮ್ ವಾರ್ಡಿನ ನಗರಸೇವಕರಿಗೂ ಶಿಕ್ಷಣ ಸಮಿತಿ ಅಧ್ಯಕ್ಷರಿಗೂ ಪ್ರತಿ ಕೊಡಿ, 350-ಎ ಹೆಸರು ಹಾಕಿ. ಹಾಗೇ 243-ಎಸ್ ನೋಡಿ, ಮೂರು ಲಕ್ಷ ದಾಟಿದ ಊರಲ್ಲಿ ವಾರ್ಡ್ ಸಮಿತಿ ಇರ್ಲೇಬೇಕು, ಅಲ್ಲೂ ವಿಷಯ ಎತ್ತಿಸ್ಬಹುದು. ಹಳೇ ಅರ್ಜಿಯ ಠಸ್ಸೆ ಬಿದ್ದ ಪ್ರತಿ ಇದ್ಯಾ? ಅದನ್ನ ಲಗತ್ತಿಸಿ, ಯಾವಾಗಿಂದ ಉತ್ತರ ಬಂದಿಲ್ಲ ಅನ್ನೋದು ಅದ್ರಲ್ಲೇ ಕಾಣುತ್ತೆ.

ಕರಾವಳಿ_ಕಾಂದಿವಲಿ

ಉಂಟು ಉಂಟು, ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದೇನೆ. ಆದ್ರೆ ನಮ್ಮ ಹೊಸ ನಗರಸೇವಕರಿಗೆ ಮರಾಠಿಯಲ್ಲಿ ಬರೀಬೇಕು, ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿನವರೆಗೆ ಮಾತ್ರ. ಯಾರಾದ್ರೂ ಒಳ್ಳೆ ಮರಾಠಿ ಬರೆಯುವವರು ಇದ್ರೆ ಮೆಸೇಜ್ ಮಾಡಿ.

ಹುಬ್ಬಳ್ಳಿ_ಟು_ಪುಣೆ

ನನ್ನ ರೂಮ್‌ಮೇಟ್ ಅದಾನ್ರೀ. ಬೊಮ್ಮಾಯಿ ಕತಿ ಇನ್ನೊಮ್ಮೆ ಹೇಳೂದಿಲ್ಲ ಅಂದ್ರ ಬರದ ಕೊಡ್ತಾನಂತ.